ಜೆ. ಆರ್. ಡಿ. ಟಾಟಾ

ಜಹಾಂಗೀರ್ ರತನ್‌ಜಿ ದಾದಾಭಾಯ್ ಟಾಟಾ (29 ಜುಲೈ 1904 – 29 ನವೆಂಬರ್ 1993) ಭಾರತದ ಉದ್ಯಮಿ ಹಾಗೂ ನಾಗರಿಕ ವಿಮಾನಯಾನದ ಪ್ರವರ್ತಕರು. ಪ್ಯಾರಿಸ್‌ನಲ್ಲಿ ಜನಿಸಿದ ಇವರು 1929ರಲ್ಲಿ ಭಾರತದ ಮೊದಲ ವಿಮಾನ ಚಾಲನಾ ಪರವಾನಗಿ ಪಡೆದರು.

ಇವರ ವಿಮಾನ ಸಂಸ್ಥೆ ಸರ್ಕಾರದ ಸಹಾಯಧನವಿಲ್ಲದೆ, ಅಂಚೆ ಸಾಗಣೆಯ ಆದಾಯವನ್ನೇ ನಂಬಿ ಆರಂಭವಾಯಿತು. 1932ರ ಅಕ್ಟೋಬರ್ 15ರಂದು ಒಂದೇ ಎಂಜಿನ್‌ನ ಪುಸ್ ಮಾತ್ ವಿಮಾನದಲ್ಲಿ ಟಾಟಾ ಅವರೇ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಅಂಚೆ ತಂದರು. ಅಲ್ಲಿಂದ ಅದನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದರು. ಇಂದಿನ ಕಲ್ಯಾಣ ಕರ್ನಾಟಕದ ಬಳ್ಳಾರಿ ಹೀಗೆ ಅಂದೇ ವಿಮಾನ ಕಂಡಿತು. ಅದೇ ಭಾಗದ ಕಲಬುರಗಿಗೆ ನಿಯತ ಪ್ರಯಾಣಿಕ ಸೇವೆ ದೊರೆತದ್ದು 2019ರಲ್ಲಿ.

ಸಂಸ್ಥೆಯು 1946ರಲ್ಲಿ ಏರ್ ಇಂಡಿಯಾ ಎಂಬ ಹೆಸರು ಪಡೆಯಿತು. 1953ರ ರಾಷ್ಟ್ರೀಕರಣವನ್ನು ವಿರೋಧಿಸಿದ್ದರೂ ಟಾಟಾ ಸರ್ಕಾರದ ಆಹ್ವಾನದಂತೆ ವೇತನವಿಲ್ಲದೆ ಅಧ್ಯಕ್ಷರಾಗಿ ದುಡಿದರು. 1978ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಅವರನ್ನು ಆ ಸ್ಥಾನದಿಂದ ತೆಗೆಯಿತು. 1992ರಲ್ಲಿ ಭಾರತರತ್ನ ಲಭಿಸಿತು.