ಮತವನ್ನೂ ಗೆದ್ದರು, ಕಡತವನ್ನೂ ಕಾಪಾಡಿದರು

ಅಮೆರಿಕದ ಮಹಿಳೆಯರಿಗೆ ಮತದಾನದ ಹಕ್ಕು ದೊರಕಿಸಿದ ಹೋರಾಟದ ಕೊನೆಯ ಘಟ್ಟವನ್ನು ಮುನ್ನಡೆಸಿದವರು ಕ್ಯಾರಿ ಚಾಪ್‌ಮನ್ ಕ್ಯಾಟ್. 1859ರ ಜನವರಿ 9ರಂದು ವಿಸ್ಕಾನ್ಸಿನ್ ರಾಜ್ಯದ ರಿಪನ್‌ನಲ್ಲಿ ಜನಿಸಿದ ಅವರು ಬೆಳೆದದ್ದು ಅಯೋವಾದ ಕೃಷಿಕ ಕುಟುಂಬದಲ್ಲಿ. 1880ರಲ್ಲಿ ಅಲ್ಲಿನ ಕೃಷಿ ಕಾಲೇಜಿನಿಂದ ಪದವಿ ಪಡೆದಾಗ ತಂಡದಲ್ಲಿದ್ದ ಏಕೈಕ ಮಹಿಳೆ ಅವರೇ. ಶಿಕ್ಷಕಿಯಾಗಿ, ಮೇಸನ್ ಸಿಟಿಯ ಶಾಲೆಗಳ ಮೇಲ್ವಿಚಾರಕಿಯಾಗಿ ದುಡಿದರು. ಪತ್ರಿಕಾ ಸಂಪಾದಕರಾಗಿದ್ದ ಪತಿ ಲಿಯೊ ಚಾಪ್‌ಮನ್ ಮದುವೆಯಾದ ಮರುವರ್ಷವೇ ವಿಷಮಶೀತ ಜ್ವರಕ್ಕೆ ಬಲಿಯಾದರು. 1890ರಲ್ಲಿ ಎಂಜಿನಿಯರ್ ಜಾರ್ಜ್ ಕ್ಯಾಟ್ ಅವರನ್ನು ವಿವಾಹವಾದರು.

1900ರಲ್ಲಿ ಸೂಸನ್ ಆಂಥನಿ ಅವರ ಉತ್ತರಾಧಿಕಾರಿಯಾಗಿ ರಾಷ್ಟ್ರೀಯ ಮಹಿಳಾ ಮತಾಧಿಕಾರ ಸಂಘದ ಅಧ್ಯಕ್ಷೆಯಾದ ಕ್ಯಾಟ್, 1915ರಲ್ಲಿ ಮತ್ತೆ ಆ ಹೊಣೆ ಹೊತ್ತರು. ರಾಜ್ಯಗಳಲ್ಲಿಯೂ ರಾಜಧಾನಿಯಲ್ಲಿಯೂ ಏಕಕಾಲಕ್ಕೆ ಒತ್ತಡ ತರುವುದು ಅವರ ಯೋಜನೆ. 1920ರ ಆಗಸ್ಟ್‌ನಲ್ಲಿ ಟೆನ್ನೆಸ್ಸೀ ಶಾಸಕಾಂಗ ಕೂದಲೆಳೆಯ ಅಂತರದಲ್ಲಿ ಒಪ್ಪಿಗೆ ನೀಡುವುದರೊಂದಿಗೆ ಸಂವಿಧಾನದ 19ನೇ ತಿದ್ದುಪಡಿ ಸ್ಥಿರವಾಯಿತು.

ವಿಶೇಷವೆಂದರೆ, ಗೆಲುವಿಗೆ ಆರು ತಿಂಗಳು ಮೊದಲೇ ಮುಂದಿನ ಕೆಲಸಕ್ಕೆ ಅವರು ಬುನಾದಿ ಹಾಕಿದ್ದರು. ಅದೇ ವರ್ಷದ ಫೆಬ್ರವರಿಯಲ್ಲಿ ಷಿಕಾಗೋದಲ್ಲಿ ಮಹಿಳಾ ಮತದಾರರ ಲೀಗ್ ಸ್ಥಾಪನೆಯಾಯಿತು. ಮತ ಸಿಕ್ಕರೆ ಸಾಲದು, ಅದನ್ನು ಚಲಾಯಿಸುವ ವಿಧಾನವೂ ತಿಳಿದಿರಬೇಕಲ್ಲವೇ? ಹೆಸರು ನೋಂದಾಯಿಸುವುದು, ಮತಪತ್ರ ತುಂಬುವುದು, ಸರ್ಕಾರ ನಡೆಯುವ ಬಗೆ ಇವನ್ನೆಲ್ಲ ಕಲಿಸಲು ಪೌರಶಿಕ್ಷಣದ ಶಾಲೆಗಳು ನಡೆದವು. ಯಾವ ಪಕ್ಷವನ್ನೂ, ಅಭ್ಯರ್ಥಿಯನ್ನೂ ಬೆಂಬಲಿಸದಿರುವುದು ಲೀಗ್‌ನ ನಿಯಮ.

ಹೋರಾಟ ಮುಗಿದ ಮೇಲೆ ಸಂಘಗಳ ಕಾಗದಪತ್ರಗಳು ರದ್ದಿಯಾಗುವುದೇ ವಾಡಿಕೆ. ಕ್ಯಾಟ್ ಹಾಗಾಗಗೊಡಲಿಲ್ಲ. ತಮ್ಮ ಹಾಗೂ ಸಹ ಹೋರಾಟಗಾರ್ತಿಯರ ನೂರಾರು ಪುಸ್ತಕ, ಕರಪತ್ರ, ವರದಿಗಳನ್ನು 1938ರಲ್ಲಿ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಒಪ್ಪಿಸಿದರು. ನ್ಯೂಯಾರ್ಕ್ ರಾಜ್ಯದ ಜಿನೀವಾ ಎಂಬ ಸಣ್ಣ ಪಟ್ಟಣದ ಮಹಿಳಾ ಕ್ಲಬ್ಬಿನ ಚಟುವಟಿಕೆಗಳನ್ನು ತಾಯಿ-ಮಗಳಿಬ್ಬರು ಅಂಟಿಸಿಟ್ಟ ಏಳು ಸಂಪುಟಗಳು ಈ ಸಂಗ್ರಹದಲ್ಲಿವೆ. ದೊಡ್ಡ ನಾಯಕಿಯರ ಭಾಷಣಗಳಿಗಿಂತ ಆ ಪತ್ರಿಕಾ ತುಣುಕು, ಆಮಂತ್ರಣ, ಪತ್ರಗಳೇ ಚಳವಳಿ ಊರೂರಲ್ಲಿ ಹೇಗೆ ನಡೆಯಿತೆಂಬುದನ್ನು ಚೆನ್ನಾಗಿ ಹೇಳುತ್ತವೆ.

ಮುದ್ರಿತ ದಾಖಲೆ ಕ್ಯಾಟ್ ಅವರನ್ನೂ ಬಿಡಲಿಲ್ಲ. ಮಹಿಳೆಯರ ಮತದಿಂದ ಬಿಳಿಯರ ಮೇಲುಗೈಗೆ ಧಕ್ಕೆಯಿಲ್ಲ, ಬದಲಾಗಿ ಬಲವೇ ಬರುತ್ತದೆ ಎಂಬ ವಾದವನ್ನು ದಕ್ಷಿಣದ ರಾಜ್ಯಗಳನ್ನು ಒಲಿಸಲು ಅವರು 1917ರ ತಮ್ಮ ಪುಸ್ತಕದಲ್ಲಿ ಮುಂದಿಟ್ಟಿದ್ದರು. ತಂತ್ರವೆಂದು ಸಮರ್ಥಿಸುವವರಿದ್ದಾರೆ; ಆದರೆ ಅದರ ಬೆಲೆ ತೆತ್ತವರು ಕಪ್ಪು ಮಹಿಳೆಯರು. 1995ರಲ್ಲಿ ಅವರು ಓದಿದ ಕಾಲೇಜೇ (ಈಗಿನ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯ) ಕಟ್ಟಡವೊಂದಕ್ಕೆ ಅವರ ಹೆಸರಿಟ್ಟಾಗ ವಿದ್ಯಾರ್ಥಿಗಳು ಪ್ರತಿಭಟನೆಗಿಳಿದದ್ದು ಈ ಬರಹಗಳ ಆಧಾರದ ಮೇಲೆಯೇ.

ಕ್ಯಾಟ್ ನ್ಯೂ ರೊಷೆಲ್‌ನಲ್ಲಿ 1947ರ ಮಾರ್ಚ್ 9ರಂದು ನಿಧನರಾದರು. ದಕ್ಷಿಣದ ಬಹುಪಾಲು ಕಪ್ಪು ಮಹಿಳೆಯರು ನಿರ್ಭೀತಿಯಿಂದ ಮತಗಟ್ಟೆಗೆ ಹೋಗಲು 1965ರ ಮತಾಧಿಕಾರ ಕಾಯ್ದೆಯವರೆಗೆ ಕಾಯಬೇಕಾಯಿತು.