ಪಕ್ಷ ಬದಲಿಸಿದ ವೀರೇಂದ್ರ ಪಾಟೀಲರು ಮತ್ತು ನಮ್ಮ ಬಾಗಲಕೋಟೆ ಕ್ಷೇತ್ರ

ಪಕ್ಷಾಂತರ ಅಂದ ಕೂಡಲೆ ನಮ್ಮ ಜನ ಮೂಗು ಮುರಿಯುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬಾಗಲಕೋಟೆ ಲೋಕಸಭಾ ಕ್ಷೇತ್ರದ ಮತದಾರರು 1980ರಲ್ಲಿ ಪಕ್ಷ ಬದಲಿಸಿ ಬಂದ ಒಬ್ಬ ದೊಡ್ಡ ಮನುಷ್ಯನನ್ನು ಕೈಹಿಡಿದು ದಿಲ್ಲಿಗೆ ಕಳಿಸಿದ್ದರು ಎಂಬುದನ್ನೂ ಮರೆಯಬಾರದು. ಅವರೇ ದಿವಂಗತ ವೀರೇಂದ್ರ ಪಾಟೀಲರು. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಇಲೆಕ್ಷನ್ ಮಾತು ಬಂದಾಗ ಹಳಬರು ಅವರ ಹೆಸರು ಎತ್ತದೆ ಬಿಡುವುದಿಲ್ಲ. ತರುಣರಿಗೆ ಮಾತ್ರ ಅವರ ಕಥೆ ಪೂರ್ತಿ ಗೊತ್ತಿರಲಿಕ್ಕಿಲ್ಲ. ಅದಕ್ಕೇ ಈ ನಾಲ್ಕು ಮಾತು.

ಪಾಟೀಲರು ಹುಟ್ಟಿದ್ದು 1924ರಲ್ಲಿ, ಆಗ ನಿಜಾಮರ ಆಳ್ವಿಕೆಗೆ ಸೇರಿದ್ದ ಚಿಂಚೋಳಿಯಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ವಕೀಲರಾದರು, ಕಾಂಗ್ರೆಸ್ಸಿಗೆ ಬಂದರು, ವಿಧಾನಸಭೆಗೆ ಆರಿಸಿ ಹೋದರು. ಏಕೀಕರಣದ ನಂತರ ಎಸ್. ನಿಜಲಿಂಗಪ್ಪನವರ ನೆರಳಲ್ಲಿ ಬೆಳೆದರು. ಇವರನ್ನೂ ರಾಮಕೃಷ್ಣ ಹೆಗಡೆಯವರನ್ನೂ ಕೂಡಿಸಿ ಜನ ನಿಜಲಿಂಗಪ್ಪನವರ ಲವ-ಕುಶ ಎಂದು ಕರೆಯುತ್ತಿದ್ದರು. ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಹೋದಾಗ, 1968ರ ಮೇ 29ರಂದು, ಪಾಟೀಲರು ಮುಖ್ಯಮಂತ್ರಿಯಾದರು. ಆಗ ಅವರಿಗೆ ವಯಸ್ಸು 44.

ಮರುವರ್ಷವೇ ಕಾಂಗ್ರೆಸ್ ಒಡೆಯಿತು. ಒಂದು ಕಡೆ ಇಂದಿರಾ ಗಾಂಧಿ, ಇನ್ನೊಂದು ಕಡೆ ನಿಜಲಿಂಗಪ್ಪ. 1962ರಲ್ಲಿ ನಮ್ಮ ಬಾಗಲಕೋಟೆಯಿಂದಲೇ ವಿಧಾನಸಭೆಗೆ ಹೋಗಿದ್ದ ನಿಜಲಿಂಗಪ್ಪನವರನ್ನು ಪಾಟೀಲರು ಬಿಡಲಿಲ್ಲ. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸೀಟುಗಳೂ ಇಂದಿರಾ ಕಾಂಗ್ರೆಸ್ಸಿನ ಪಾಲಾದವು. ಅಷ್ಟಾದದ್ದೇ ತಡ, ಶಾಸಕರು ಒಬ್ಬರ ಹಿಂದೊಬ್ಬರು ಆ ಕಡೆ ಜಿಗಿದರು. ಪಕ್ಷಾಂತರ ತಡೆಯುವ ಕಾನೂನು ಬಂದದ್ದು 1985ರಲ್ಲಿ. ಆಗ ಹೇಳುವವರು ಕೇಳುವವರು ಇರಲಿಲ್ಲ. ಮಾರ್ಚ್ ತಿಂಗಳಲ್ಲಿ ಸರ್ಕಾರ ಬಿತ್ತು, ರಾಷ್ಟ್ರಪತಿ ಆಡಳಿತ ಬಂತು. ಮುಂದಿನ ವರ್ಷ ದೇವರಾಜ ಅರಸರು ಗಾದಿ ಏರಿದರು. ಗೆದ್ದ ಎತ್ತಿನ ಬಾಲ ಹಿಡಿಯುವುದು ಪಾಟೀಲರಿಗೂ ಕಷ್ಟವಿರಲಿಲ್ಲ, ಆದರೆ ಹಿಡಿಯಲಿಲ್ಲ. ಅವರ ಮುಂದಿನ ನಡೆಯನ್ನು ತೂಗುವಾಗ ಇದನ್ನೂ ತಕ್ಕಡಿಗೆ ಹಾಕಬೇಕು.

1977ರಲ್ಲಿ ಅವರು ಜನತಾ ಪಕ್ಷದವರಾದರು. 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆ ಬಂತು. ಸೋತು ಕೂತಿದ್ದ ಇಂದಿರಾ ಗಾಂಧಿ ಅಲ್ಲಿ ನಿಂತರು. ಅವರಿಗೆದುರಾಗಿ ಜನತಾ ಪಕ್ಷ ನಿಲ್ಲಿಸಿದ್ದು ವೀರೇಂದ್ರ ಪಾಟೀಲರನ್ನು! ದೇಶದ ಪತ್ರಿಕೆಯವರೆಲ್ಲ ಬಂದು ಚಿಕ್ಕಮಗಳೂರಿನಲ್ಲಿ ಠಿಕಾಣಿ ಹೂಡಿದ್ದರು. ಅರಸರು ಇಂದಿರಾ ಪರವಾಗಿ ಪಣ ತೊಟ್ಟು ದುಡಿದರು. ಪಾಟೀಲರು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು.

ಆಮೇಲಿನದ್ದೇ ಸೋಜಿಗ. ವರ್ಷ ಕಳೆಯುವಷ್ಟರಲ್ಲಿ ಅರಸರು ಇಂದಿರಾ ಅವರಿಂದ ದೂರವಾಗಿ ಬೇರೆ ಕಾಂಗ್ರೆಸ್ ಕಟ್ಟಿದರು. ಇತ್ತ ಜನತಾ ಪಕ್ಷ ಒಡೆದು ಹೋಳಾಯಿತು. 1980ರ ಜನವರಿಯ ಲೋಕಸಭಾ ಚುನಾವಣೆಗೆ ವೀರೇಂದ್ರ ಪಾಟೀಲರು ಇಂದಿರಾ ಕಾಂಗ್ರೆಸ್ಸಿನ ಹುರಿಯಾಳಾಗಿ ಬಂದು ನಿಂತರು, ಅದೂ ನಮ್ಮ ಬಾಗಲಕೋಟೆಯಿಂದ. ಗೆಲ್ಲಿಸಿದವರು ಹೊರಗೆ, ಸೋತವರು ಒಳಗೆ! ಇಂದಿರಾ ಅವರಿಗೆ ಅರಸರಿಗೆದುರಾಗಿ ಉತ್ತರದ ಒಬ್ಬ ಲಿಂಗಾಯತ ಮುಖಂಡ ಬೇಕಾಗಿದ್ದರು, ಪಾಟೀಲರಿಗೆ ಒಂದು ನೆಲೆ ಬೇಕಾಗಿತ್ತು ಅಂತ ನಮಗೆ ತೋರುತ್ತದೆ. ಇದನ್ನು ತತ್ವ ಅನ್ನಲಾಗದು. ಹಾಗಂತ ಮತದಾರ ಮುನಿಯಲಿಲ್ಲ. ರಾಜ್ಯದ 28ರಲ್ಲಿ 27 ಸೀಟು ಆ ಪಕ್ಷಕ್ಕೆ ಬಂದವು, ಅದರಲ್ಲಿ ನಮ್ಮದೂ ಒಂದು. ಅರಸರ ಸರ್ಕಾರದ ಶಾಸಕರು 1971ರಲ್ಲಿ ಆದಂತೆಯೇ ರಾತ್ರೋರಾತ್ರಿ ಜಿಗಿದರು; ಅರಸರು ಇಳಿದರು.

ಪಾಟೀಲರು ಕೇಂದ್ರದಲ್ಲಿ ಪೆಟ್ರೋಲಿಯಂ, ಹಡಗು ಸಾರಿಗೆ, ಕಾರ್ಮಿಕ ಖಾತೆಗಳನ್ನು ನೋಡಿಕೊಂಡರು. 1984ರಲ್ಲಿ ತಮ್ಮ ಗುಲಬರ್ಗಾಕ್ಕೇ ಮರಳಿ ಅಲ್ಲಿಂದ ಗೆದ್ದರು. ನಮಗೂ ಅವರಿಗೂ ಋಣಾನುಬಂಧ ಒಂದೇ ಅವಧಿಯದು.

1989ರಲ್ಲಿ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಚುನಾವಣೆ ನಡೆಸಿ 224ರಲ್ಲಿ 178 ಸ್ಥಾನ ಗೆದ್ದುಕೊಟ್ಟರು. ಹದಿನೆಂಟು ವರ್ಷದ ಮೇಲೆ ಮತ್ತೆ ಮುಖ್ಯಮಂತ್ರಿ. ಬಿಗಿ ಆಡಳಿತಗಾರರು, ಸಾರಾಯಿ ಗುತ್ತಿಗೆದಾರರ ಜುಟ್ಟು ಹಿಡಿಯಲು ಹೋಗಿ ಅವರ ವೈರ ಕಟ್ಟಿಕೊಂಡರು. 1990ರಲ್ಲಿ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದರು. ಅದೇ ಹೊತ್ತಿಗೆ ಚನ್ನಪಟ್ಟಣ, ರಾಮನಗರಗಳಲ್ಲಿ ಗಲಭೆ ಎದ್ದವು. ರಾಜೀವ ಗಾಂಧಿಯವರು ಬಂದು ನೋಡಿ, ಹಿಂದಿರುಗುವಾಗ ವಿಮಾನ ನಿಲ್ದಾಣದಲ್ಲೇ ಮುಖ್ಯಮಂತ್ರಿ ಬದಲಾಗುತ್ತಾರೆಂದು ಸಾರಿಬಿಟ್ಟರು. ಪಾಟೀಲರು ಸುಮ್ಮನೆ ಒಪ್ಪಲಿಲ್ಲ. ಅಕ್ಟೋಬರದಲ್ಲಿ ಒಂದು ವಾರ ರಾಷ್ಟ್ರಪತಿ ಆಡಳಿತವೇ ಬಂತು, ಆನಂತರ ಬಂಗಾರಪ್ಪನವರು ಕುರ್ಚಿ ಏರಿದರು. ಕಾಯಿಲೆ ಬಿದ್ದ ಮನುಷ್ಯನನ್ನು ಹಾಗೆ ಇಳಿಸಿದ್ದು ನಮ್ಮ ಭಾಗದ ಬಹಳ ಮಂದಿಯ ಎದೆಗೆ ನಾಟಿತು. 1994ರಲ್ಲಿ ಕಾಂಗ್ರೆಸ್ 34 ಸ್ಥಾನಕ್ಕೆ ಇಳಿಯಲು ಬೇರೆ ಕಾರಣಗಳೂ ಇದ್ದವು, ಇದೂ ಒಂದು.

ಲವ-ಕುಶರಲ್ಲಿ ಇನ್ನೊಬ್ಬರಾದ ಹೆಗಡೆಯವರೂ ಬಾಗಲಕೋಟೆಗೆ ಬಂದರು, 1991ರಲ್ಲಿ, ಜನತಾ ದಳದಿಂದ. ಅವರನ್ನು ಸೋಲಿಸಿದವರು ನಮ್ಮ ಜಮಖಂಡಿಯ ಸಿದ್ದು ನ್ಯಾಮಗೌಡರು. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ರೈತರಿಂದಲೇ ರೊಕ್ಕ ಕೂಡಿಸಿ ಬ್ಯಾರೇಜ್ ಕಟ್ಟಿಸಿದ್ದ ಅವರ ಎದುರು ಮಾಜಿ ಮುಖ್ಯಮಂತ್ರಿಯ ಹೆಸರೂ ನಡೆಯಲಿಲ್ಲ.

ಪಾಟೀಲರು ಮತ್ತೆ ಮುಖ್ಯಮಂತ್ರಿ ಗಾದಿಗೆ ಬರಲಿಲ್ಲ. 1997ರ ಮಾರ್ಚಿಯಲ್ಲಿ ತೀರಿಕೊಂಡರು. ಅವರನ್ನು ಆರಿಸಿ ಕಳಿಸಿದಾಗ ವಿಜಾಪುರ ಜಿಲ್ಲೆಯಲ್ಲಿದ್ದ ಬಾಗಲಕೋಟೆ ಅದೇ ವರ್ಷ ಆಗಸ್ಟಿನಲ್ಲಿ ತಾನೇ ಒಂದು ಜಿಲ್ಲೆಯಾಯಿತು.