‘ಸ್ಟೂಡೆಂಟ್’ ಎಂಬ ಹೆಸರಿನ ಮರೆಯಲ್ಲಿದ್ದ ಬಿಯರ್ ತಜ್ಞ

ಮನೆಯಲ್ಲಿ ಬಿ.ಎಸ್ಸಿ. ಅಥವಾ ಎಂ.ಬಿ.ಎ. ಓದುತ್ತಿರುವ ಮಕ್ಕಳಿದ್ದರೆ ಅವರ ಸಂಖ್ಯಾಶಾಸ್ತ್ರದ ಪಠ್ಯಪುಸ್ತಕವನ್ನೊಮ್ಮೆ ತೆರೆದು ನೋಡಬಹುದು. ‘ಸ್ಟೂಡೆಂಟ್ಸ್ ಟಿ-ಟೆಸ್ಟ್’ ಎಂಬ ಅಧ್ಯಾಯವೊಂದು ಅದರಲ್ಲಿ ಇದ್ದೇ ಇರುತ್ತದೆ. ಅದು ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಸರಳಗೊಳಿಸಿದ ಪರೀಕ್ಷೆಯೆಂದೇ ಬಹಳ ಮಂದಿ ಭಾವಿಸುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ವಾಸ್ತವದಲ್ಲಿ ‘ಸ್ಟೂಡೆಂಟ್’ ಎಂಬುದು ಒಬ್ಬ ವ್ಯಕ್ತಿಯ ಗುಪ್ತನಾಮ. ಆತ ಯಾವ ವಿಶ್ವವಿದ್ಯಾಲಯದ ಪ್ರಾಧ್ಯಾಪಕನೂ ಅಲ್ಲ. ಐರ್ಲೆಂಡಿನ ಡಬ್ಲಿನ್ ನಗರದ ಗಿನ್ನೆಸ್ ಕಾರ್ಖಾನೆಯಲ್ಲಿ ಬಿಯರ್ ತಯಾರಿಕೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಉದ್ಯೋಗಿ. ಹೆಸರು ವಿಲಿಯಂ ಸೀಲಿ ಗಾಸೆಟ್.

ಗಾಸೆಟ್ ಅವರು ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ 1876ರ ಜೂನ್ 13ರಂದು ಜನಿಸಿದರು. ತಂದೆ ಸೈನ್ಯದ ಎಂಜಿನಿಯರಿಂಗ್ ವಿಭಾಗದಲ್ಲಿ ಕರ್ನಲ್. ಮಗನಿಗೂ ಅದೇ ದಾರಿ ಹಿಡಿಯುವ ಆಸೆಯಿತ್ತು, ದೃಷ್ಟಿದೋಷ ಅಡ್ಡಬಂದಿತು. ವಿಂಚೆಸ್ಟರ್ ಶಾಲೆಯಿಂದ ಆಕ್ಸ್‌ಫರ್ಡಿನ ನ್ಯೂ ಕಾಲೇಜಿಗೆ ಹೋಗಿ ಗಣಿತ ಮತ್ತು ರಸಾಯನಶಾಸ್ತ್ರಗಳೆರಡರಲ್ಲಿಯೂ ಪ್ರಥಮ ದರ್ಜೆ ಪಡೆದು, 1899ರಲ್ಲಿ ಗಿನ್ನೆಸ್ ಸೇರಿದರು. ಜಗತ್ತಿನ ಅತಿ ದೊಡ್ಡ ಬಿಯರ್ ಕಾರ್ಖಾನೆಗಳಲ್ಲಿ ಒಂದಾಗಿದ್ದ ಗಿನ್ನೆಸ್, ಆಗ ಕೆಲವು ವರ್ಷಗಳಿಂದ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳ ವಿಜ್ಞಾನ ಪದವೀಧರರನ್ನು ಕರೆತಂದು ತಯಾರಿಕೆಯ ಹೊಣೆ ವಹಿಸುತ್ತಿತ್ತು. ನಮ್ಮ ಮನೆಗಳಲ್ಲಿ ಮದ್ಯದ ವಿಷಯ ಇಂದಿಗೂ ತುಸು ತಗ್ಗಿದ ದನಿಯಲ್ಲೇ ಬರುತ್ತದೆ. ಅಲ್ಲಿ ಅದೊಂದು ಮರ್ಯಾದೆಯ, ಒಳ್ಳೆಯ ಸಂಬಳದ ವೃತ್ತಿ.

ಬಿಯರ್ ತಯಾರಿಕೆಯ ಕ್ರಮ ಸ್ಥೂಲವಾಗಿ ಹೀಗೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಆಗುತ್ತದೆ. ಅದನ್ನು ಬಿಸಿನೀರಿನಲ್ಲಿ ಕಲಸಿ ಸಿಹಿ ರಸ ತೆಗೆದು, ಹಾಪ್ಸ್ ಎಂಬ ಬಳ್ಳಿಯ ಹೂಗಳೊಡನೆ ಕುದಿಸಿ, ಆರಿದ ಮೇಲೆ ಯೀಸ್ಟ್ ಬೆರೆಸಿ ಹುದುಗಲು ಬಿಡುತ್ತಾರೆ. ಹಾಪ್ಸ್‌ನಲ್ಲಿರುವ ಮೃದುವಾದ ರಾಳವೇ ಬಿಯರಿಗೆ ಕಹಿಯನ್ನು ಕೊಡುವುದು, ಅದು ಕೆಡದಂತೆ ಕಾಯುವುದು. ಹಿಂದೆಲ್ಲ ಅನುಭವಿಗಳು ಹಾಪ್ಸನ್ನು ಮುಟ್ಟಿ, ಮೂಸಿ ಕೊಳ್ಳುತ್ತಿದ್ದರು. ಗಾಸೆಟ್ ಸೇರುವ ವೇಳೆಗೆ ಅಳೆದು ನೋಡುವ ಪದ್ಧತಿ ಆರಂಭವಾಗಿತ್ತು, ತೊಡಕೂ ಅದರೊಂದಿಗೇ ಬಂದಿತ್ತು. 1898ರಲ್ಲಿ ನಡೆದ ಒಂದು ಅಳತೆಯಲ್ಲಿ 11 ಮಾದರಿಗಳ ಸರಾಸರಿ ರಾಳ ಶೇಕಡಾ 8.1 ಬಂದಿತು; ಇನ್ನೊಂದರಲ್ಲಿ 14 ಮಾದರಿಗಳ ಸರಾಸರಿ 8.4. ಎರಡರ ನಡುವಿನ ಅಂತರ ಹಾಪ್ಸ್‌ನ ಗುಣದ್ದೋ, ಕೇವಲ ಆಕಸ್ಮಿಕವೋ? ಉತ್ತರಿಸಬಲ್ಲವರು ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎಂಬ ಮಾತು ನಮ್ಮಲ್ಲಿದೆ. ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಬೆಂದ ಅಕ್ಕಿಗೆ ಆ ಮಾತು ನಿಜ. ಬೇರೆ ಬೇರೆ ಹೊಲಗಳಲ್ಲಿ, ಬೇರೆ ಬೇರೆ ಮಳೆಬಿಸಿಲಿನಲ್ಲಿ ಬೆಳೆದು ಬಂದ ಬಾರ್ಲಿಯ ಮೂಟೆಗೆ ಅದು ಸಲ್ಲುವುದಿಲ್ಲ. ಹಾಗಾದರೆ ಎಷ್ಟು ಅಗುಳು ಬೇಕು? ಅಂದಿನ ಸಂಖ್ಯಾಶಾಸ್ತ್ರವು ನೂರಾರು, ಸಾವಿರಾರು ಅಳತೆಗಳಿದ್ದರೆ ಮಾತ್ರ ಬಾಯಿಬಿಡುತ್ತಿತ್ತು. ಕಾರ್ಖಾನೆಯಲ್ಲಿ ಪ್ರತಿ ಅಳತೆಗೂ ಸಮಯ ಮತ್ತು ಹಣ ಖರ್ಚಾಗುತ್ತದೆ. ಸಿಗುವುದು ನಾಲ್ಕೋ ಹತ್ತೋ. ಆ ನಾಲ್ಕರಿಂದಲೇ ಪ್ರಾಮಾಣಿಕವಾಗಿ ಎಷ್ಟು ಹೇಳಬಹುದು ಎಂಬುದು ಗಾಸೆಟ್ ಅವರ ಜೀವಮಾನದ ಪ್ರಶ್ನೆಯಾಯಿತು.

1904ರಲ್ಲಿ ಅವರು ಕಾರ್ಖಾನೆಯ ಆಡಳಿತಕ್ಕೆ ಈ ಕುರಿತು ಒಂದು ವರದಿ ಒಪ್ಪಿಸಿ, ಗಣಿತಜ್ಞರೊಬ್ಬರ ನೆರವು ಬೇಕೆಂದು ಕೇಳಿದರು. ಮರುವರ್ಷದ ಜುಲೈನಲ್ಲಿ, ಹಳ್ಳಿಯೊಂದರಲ್ಲಿ ರಜೆ ಕಳೆಯುತ್ತಿದ್ದ ಪ್ರಸಿದ್ಧ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಅವರನ್ನು ಸೈಕಲ್ ತುಳಿದುಕೊಂಡು ಹೋಗಿ ಭೇಟಿಯಾದರು. 1906ರಲ್ಲಿ ವಿವಾಹ. ಪತ್ನಿ ಮಾರ್ಜರಿ ಇಂಗ್ಲೆಂಡಿನ ಮಹಿಳಾ ಹಾಕಿ ತಂಡದ ನಾಯಕಿಯಾಗಿದ್ದವರು. ಅದೇ ವರ್ಷ ಕಂಪನಿಯ ಅನುಮತಿಯಿಂದ ಲಂಡನ್ನಿಗೆ ತೆರಳಿ ಪಿಯರ್ಸನ್ ಅವರ ಪ್ರಯೋಗಾಲಯದಲ್ಲಿ ಒಂದು ವರ್ಷ ದುಡಿದರು.

ಮೊದಲ ಫಲ 1907ರಲ್ಲಿ ಪ್ರಕಟವಾದ ಯೀಸ್ಟ್ ಕಣಗಳ ಎಣಿಕೆಯ ಲೇಖನ. ಹುದುಗಿಸುವಾಗ ಯೀಸ್ಟ್ ಕಡಿಮೆಯಾದರೆ ಹುದುಗು ಅರ್ಧಕ್ಕೇ ನಿಲ್ಲುತ್ತದೆ, ಹೆಚ್ಚಾದರೆ ರುಚಿ ಕೆಡುತ್ತದೆ. ಇಡ್ಲಿ ಹಿಟ್ಟಿನ ಹದ ಬಲ್ಲ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. 400 ಚೌಕಗಳ ಗಾಜಿನ ಫಲಕದ ಮೇಲೆ ಒಂದು ಹನಿಯನ್ನು ಹರಡಿ, ಸೂಕ್ಷ್ಮದರ್ಶಕದಲ್ಲಿ ಕಣಗಳನ್ನೆಣಿಸಿ, ಆ ಎಣಿಕೆಯಲ್ಲಿ ಎಷ್ಟು ತಪ್ಪು ನುಸುಳಬಹುದೆಂದು ಅವರು ಲೆಕ್ಕ ಹಾಕಿದರು.

ಮರುವರ್ಷ, ಅಂದರೆ 1908ರಲ್ಲಿ, ‘ಬಯೋಮೆಟ್ರಿಕಾ’ ಪತ್ರಿಕೆಯಲ್ಲಿ ಅವರ ಅತಿ ಮುಖ್ಯ ಲೇಖನ ಬಂದಿತು. ಅದರ ತಿರುಳನ್ನು ಹೀಗೆ ಹೇಳಬಹುದು: ಅಳತೆಗಳು ಕಡಿಮೆಯಿದ್ದಾಗ ಸರಾಸರಿಯಷ್ಟೇ ಅಲ್ಲ, ಅಳತೆಗಳ ಏರುಪೇರಿನ ಬಗೆಗಿನ ನಮ್ಮ ಅಂದಾಜೂ ಅಳ್ಳಕವಾಗಿರುತ್ತದೆ. ಆದ್ದರಿಂದ ಸಂದೇಹಕ್ಕೆ ಇನ್ನಷ್ಟು ಜಾಗ ಬಿಡಬೇಕು. ಎಷ್ಟು ಜಾಗ ಎಂಬುದಕ್ಕೆ ಅವರು ಕೋಷ್ಟಕ ಕೊಟ್ಟರು. ಗಣಿತದಲ್ಲಿ ಪೂರ್ಣ ಸಾಧಿಸಲಾಗದ ಭಾಗವನ್ನು ಕೈಯಿಂದಲೇ ಪರೀಕ್ಷಿಸಿದರು. 3000 ಮಂದಿ ಅಪರಾಧಿಗಳ ಎತ್ತರ ಮತ್ತು ಎಡಗೈ ನಡುಬೆರಳಿನ ಉದ್ದದ ದಾಖಲೆ ದೊರಕಿತ್ತು. ಅವನ್ನು ಕಾರ್ಡುಗಳ ಮೇಲೆ ಬರೆದು, ಇಸ್ಪೀಟಿನಂತೆ ಚೆನ್ನಾಗಿ ಕಲಸಿ, ನಾಲ್ಕು ನಾಲ್ಕರಂತೆ 750 ಗುಂಪು ಮಾಡಿ, ತಮ್ಮ ಸೂತ್ರ ಹೊಂದುತ್ತದೆಯೇ ಎಂದು ತಾಳೆ ನೋಡಿದರು. ಕಂಪ್ಯೂಟರ್ ಇಲ್ಲದ ಕಾಲದ ಈ ತಾಳ್ಮೆಯನ್ನು ನೆನೆದಾಗ ಬೆರಗಾಗುತ್ತದೆ.

ಆ ಲೇಖನದಲ್ಲಿ ಗಾಸೆಟ್ ಎಂಬ ಹೆಸರೂ ಇರಲಿಲ್ಲ, ಗಿನ್ನೆಸ್ ಎಂಬ ಹೆಸರೂ ಇರಲಿಲ್ಲ. ವ್ಯಾಪಾರದ ಗುಟ್ಟು ಹೊರಬೀಳದಂತೆ ಕಂಪನಿಯು ನೌಕರರು ಸ್ವಂತ ಹೆಸರಿನಲ್ಲಿ ಬರೆಯುವುದನ್ನು ನಿಷೇಧಿಸಿತ್ತು. ಸಂಖ್ಯಾಶಾಸ್ತ್ರ ಬಲ್ಲವರನ್ನು ಇಟ್ಟುಕೊಂಡಿದ್ದೇವೆ ಎಂಬುದೇ ಪ್ರತಿಸ್ಪರ್ಧಿಗಳಿಗೆ ತಿಳಿಯಬಾರದ ಸಂಗತಿ. ಹಾಗಾಗಿ ‘ಸ್ಟೂಡೆಂಟ್’. ಉದಾಹರಣೆಗೆಂದು ಅವರು ಆರಿಸಿಕೊಂಡದ್ದರಲ್ಲಿ ಹತ್ತು ರೋಗಿಗಳಿಗೆ ಕೊಟ್ಟ ನಿದ್ದೆ ಮದ್ದಿನ ಪ್ರಯೋಗವೂ ಒಂದು. ಸಂಖ್ಯಾಶಾಸ್ತ್ರಜ್ಞರ ಚಿಕ್ಕ ವಲಯಕ್ಕೆ ನಿಜ ಗೊತ್ತಿತ್ತು. ಅವರಲ್ಲೊಬ್ಬ ತರುಣ ಆರ್.ಎ. ಫಿಶರ್. 1912ರಲ್ಲಿ ಫಿಶರ್ ಈ ಸೂತ್ರಕ್ಕೆ ಗಣಿತದ ಪೂರ್ಣ ಸಾಧನೆಯನ್ನು ಬರೆದು ಕಳುಹಿಸಿದಾಗ ಗಾಸೆಟ್‌ಗೆ ಅದು ಸರಿಯಾಗಿ ಅರ್ಥವಾಗಲಿಲ್ಲ. ಅದನ್ನು ಸಂಕೋಚವಿಲ್ಲದೆ ಒಪ್ಪಿಕೊಂಡು ಪಿಯರ್ಸನ್ ಅವರಿಗೆ ರವಾನಿಸಿದರು. ಮುಂದೆ ಪಿಯರ್ಸನ್ ಮತ್ತು ಫಿಶರ್ ಕಡುವೈರಿಗಳಾದರು. ಇಬ್ಬರಿಗೂ ಕೊನೆಯವರೆಗೆ ಸ್ನೇಹಿತರಾಗಿ ಉಳಿದವರು ಗಾಸೆಟ್. 1925ರಲ್ಲಿ ಪ್ರಕಟವಾದ ಫಿಶರ್ ಅವರ ಗ್ರಂಥದಿಂದ ಟಿ-ಪರೀಕ್ಷೆ ಜಗತ್ತಿನಾದ್ಯಂತ ಹರಡಿತು. ಹೂವಿನಹಡಗಲಿಯಲ್ಲಿ ಜನಿಸಿದ ಸಿ.ಆರ್. ರಾವ್ ಅವರು ಕೇಂಬ್ರಿಜ್‌ನಲ್ಲಿ ಇದೇ ಫಿಶರ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದವರು ಎಂಬುದನ್ನು ಕನ್ನಡ ನಾಡಿನವರಾದ ನಾವು ನೆನೆಯಬಹುದು.

ಹೋಲಿಕೆಯಲ್ಲಿ ಮನುಷ್ಯನ ಮನಸ್ಸು ಹೇಗೆ ತಕ್ಕಡಿಯನ್ನು ವಾಲಿಸುತ್ತದೆ ಎಂಬುದನ್ನು ಗಾಸೆಟ್ ಚೆನ್ನಾಗಿ ಬಲ್ಲವರು. 1930ರಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಷೈರ್‌ನಲ್ಲಿ ಶಾಲಾಮಕ್ಕಳಿಗೆ ಹಾಲಿನಿಂದಾಗುವ ಪ್ರಯೋಜನವನ್ನು ತಿಳಿಯಲು 20,000 ಮಕ್ಕಳ ಮೇಲೆ ಪ್ರಯೋಗ ನಡೆಯಿತು. ಅರ್ಧದಷ್ಟು ಮಕ್ಕಳಿಗೆ ಹಾಲು, ಉಳಿದವರಿಗೆ ಇಲ್ಲ. ಬಡಕಲು ಮಕ್ಕಳನ್ನು ಕಂಡು ಮರುಗಿದ ಉಪಾಧ್ಯಾಯರು ಅವರನ್ನೇ ಹಾಲಿನ ಗುಂಪಿಗೆ ಸೇರಿಸಿದ್ದರಿಂದ ಲೆಕ್ಕವೆಲ್ಲ ಕೆಟ್ಟಿತೆಂದು ಗಾಸೆಟ್ 1931ರಲ್ಲಿ ತೋರಿಸಿಕೊಟ್ಟರು. ಇದರ ಬದಲು 50 ಜೋಡಿ ತದ್ರೂಪಿ ಅವಳಿಗಳನ್ನು ಆರಿಸಿ, ಯಾರಿಗೆ ಹಾಲು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದ್ದರೆ ಹೆಚ್ಚು ತಿಳಿಯುತ್ತಿತ್ತು ಎಂಬುದು ಅವರ ಮತ. ಇಪ್ಪತ್ತು ಸಾವಿರಕ್ಕಿಂತ ನೂರು ಮೇಲು!

ಬಿಯರ್ ರುಚಿ ನೋಡುವವರ ಸ್ಥಿತಿಯೂ ಆ ಉಪಾಧ್ಯಾಯರದೇ. ತಾನೇ ಹುದುಗಿಸಿದ ಬಿಯರ್ ಯಾವ ಲೋಟದಲ್ಲಿದೆ ಎಂದು ಗೊತ್ತಿದ್ದವನ ನಾಲಗೆ ನಿಷ್ಪಕ್ಷಪಾತಿಯಾಗಿ ಇರಲಾರದು. 1940ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಕಾರ್ಖಾನೆಯವರು ಇದಕ್ಕೊಂದು ಉಪಾಯ ರೂಪಿಸಿದರು. ಗುರುತಿಲ್ಲದ ಮೂರು ಲೋಟ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದೆಂದು ಹೇಳಬೇಕು. ಕಣ್ಣುಮುಚ್ಚಿ ಊಹಿಸಿದರೂ ಮೂರಕ್ಕೆ ಒಂದು ಬಾರಿ ಸರಿಯಾಗುತ್ತದೆ. ನಾಲ್ವರೂ ಬರೀ ಊಹೆಯಿಂದಲೇ ಸರಿ ಹೇಳುವ ಸಂಭವ 81ರಲ್ಲಿ ಒಂದು. ಕೆಲವೇ ಮಾದರಿಗಳಿಂದ ಎಷ್ಟು ನಂಬಬಹುದೆಂಬ ಲೆಕ್ಕ ಇಲ್ಲಿಯೂ ಅದೇ. ಪುಣೆ, ಬೆಂಗಳೂರುಗಳಲ್ಲಿ ಬಿಯರನ್ನು ಅಲ್ಲಿಯೇ ತಯಾರಿಸಿ ಬಡಿಸುವ ಸ್ಥಳಗಳು ಹೆಚ್ಚಿರುವ ಈ ದಿನಗಳಲ್ಲಿ ಇದು ಉತ್ತಮ, ಅದು ಕಳಪೆ ಎಂದು ಒಂದೇ ಗುಟುಕಿಗೆ ತೀರ್ಪು ನೀಡುವವರು ಈ ಮೂರು ಲೋಟಗಳ ಮುಂದೆ ಒಮ್ಮೆ ಕುಳಿತು ನೋಡಬೇಕು.

ಗಾಸೆಟ್ ಅವರ ಬಿಡುವಿನ ವೇಳೆ ಮರಗೆಲಸ, ಮೀನು ಹಿಡಿಯುವಿಕೆ, ಹಣ್ಣಿನ ಗಿಡಗಳ ಆರೈಕೆಯಲ್ಲಿ ಕಳೆಯುತ್ತಿತ್ತು. 1934ರಲ್ಲಿ ಅವರ ಕಾರು ದೀಪದ ಕಂಬಕ್ಕೆ ಬಡಿದು ತೊಡೆಮೂಳೆ ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದಾಗಲೂ ಲೆಕ್ಕ ನಿಲ್ಲಲಿಲ್ಲ. 1935ರ ಕೊನೆಯಲ್ಲಿ ಲಂಡನ್ನಿನ ಪಾರ್ಕ್ ರಾಯಲ್‌ನಲ್ಲಿ ಆರಂಭವಾದ ಗಿನ್ನೆಸ್‌ನ ಹೊಸ ಕಾರ್ಖಾನೆಗೆ ತೆರಳಿದರು. 1937ರಲ್ಲಿ ಕಂಪನಿಯ ಮುಖ್ಯ ಬಿಯರ್ ತಯಾರಕರ ಹುದ್ದೆ ದೊರೆತ ಕೆಲವೇ ದಿನಗಳಲ್ಲಿ, ಅಕ್ಟೋಬರ್ 16ರಂದು, ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 61. ಫಿಶರ್ ಅವರನ್ನು ಫ್ಯಾರಡೆಗೆ ಹೋಲಿಸಿದ್ದರು.

ಐದು ವರ್ಷಗಳ ನಂತರ, 1942ರಲ್ಲಿ, ಗೆಳೆಯರು ಅವರ ಲೇಖನಗಳನ್ನು ಒಟ್ಟುಗೂಡಿಸಿ ಪುಸ್ತಕವಾಗಿ ಹೊರತಂದರು. ಗುಟ್ಟು ಕಾಯುವ ಅಗತ್ಯ ಆಗ ಉಳಿದಿರಲಿಲ್ಲ. ಆದರೂ ಶೀರ್ಷಿಕೆಯಲ್ಲಿ ಮುದ್ರಿತವಾದ ಹೆಸರು ‘ಸ್ಟೂಡೆಂಟ್’ ಎಂದೇ.